ದ್ವೀಪಕ್ಕೆ ಹೊರಟವರ ಪ್ರಶ್ನೆಗಳು

ರಜೆ ಹತ್ತಿರ ಬಂದಂತೆ ಹೊರಮಾವು ಮತ್ತು ಸುತ್ತಲಿನ ಬಡಾವಣೆಗಳ ಓದುಗರಿಂದ ದ್ವೀಪ ಪ್ರವಾಸದ ಬಗ್ಗೆ ಸಾಲುಸಾಲು ಪತ್ರಗಳು ಬಂದಿವೆ. ಆಯ್ದ ನಾಲ್ಕಕ್ಕೆ ನಮ್ಮ ಪ್ರವಾಸ ತಜ್ಞರ ಉತ್ತರ ಇಲ್ಲಿದೆ.

ಪ್ರಶ್ನೆ: ನಮ್ಮದು ನಾಲ್ವರ ಕುಟುಂಬ. ರೆಸಾರ್ಟು, ಈಜುಕೊಳ ಎಲ್ಲ ಸಾಕಾಗಿದೆ. ಯಾರೂ ಹೋಗದ ದ್ವೀಪಕ್ಕೇ ಹೋಗಬೇಕೆಂದು ಮಗ ಹಟ ಹಿಡಿದಿದ್ದಾನೆ. ಲಕ್ಷದ್ವೀಪಕ್ಕೆ ಟಿಕೆಟ್ ಮಾಡಿಸಿಬಿಡಲೇ?
– ಒಬ್ಬ ಓದುಗರು, ಹೊರಮಾವು

ಉತ್ತರ: ಟಿಕೆಟ್ ಆಮೇಲೆ, ಮೊದಲು ಪರವಾನಗಿ. 1967ರ ನಿಯಮಗಳ ಪ್ರಕಾರ ಹೊರಗಿನವರು ಲಕ್ಷದ್ವೀಪಕ್ಕೆ ಕಾಲಿಡಬೇಕಾದರೆ ಅಲ್ಲಿನ ಆಡಳಿತದ ಅನುಮತಿ ಬೇಕು. ನಾವು ಭಾರತೀಯರೇ ಆದರೂ ಇದಕ್ಕೆ ವಿನಾಯಿತಿಯಿಲ್ಲ. ಕನಿಷ್ಠ ಒಂದು ತಿಂಗಳು ಮೊದಲೇ ಅರ್ಜಿ ಹಾಕಿ. ಹಡಗು ಹತ್ತಲು ಕೊಚ್ಚಿಗೆ ಹೋಗಬೇಕು. ಬೈಯಪ್ಪನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್‌ನಿಂದ ಕೊಚ್ಚಿಯ ಎರ್ನಾಕುಲಂಗೆ ರೈಲಿದೆ, ನಿಮಗೆ ಹತ್ತಿರ. ಅಲ್ಲಿನ ಅಗತ್ತಿ ದ್ವೀಪಕ್ಕೆ ವಿಮಾನವೂ ಉಂಟು. ಬೆಂಗಳೂರಿನಿಂದ ನೇರ ವಿಮಾನ 2024ರ ಮಾರ್ಚ್ ಕೊನೆಗೆ ಶುರುವಾಯಿತು, ಈಗಿನ ವೇಳಾಪಟ್ಟಿ ವಿಚಾರಿಸಿಕೊಳ್ಳಿ. ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ ಒಳ್ಳೆಯ ಕಾಲ. ಮಳೆಗಾಲದಲ್ಲಿ ಆಸೆಯೇ ಬೇಡ.

ನಿಮ್ಮ ಮಗನಿಗೆ ಒಂದು ಮಾತು ಹೇಳಿ. ಲಕ್ಷದ್ವೀಪದಲ್ಲಿ ಒಟ್ಟು 36 ದ್ವೀಪಗಳು, ಜನವಸತಿ ಇರುವುದು ಹತ್ತರಲ್ಲಿ, ಎಲ್ಲ ಸೇರಿದರೂ ನೆಲ 32 ಚದರ ಕಿಲೋಮೀಟರ್. ಅಷ್ಟರಲ್ಲಿ 64 ಸಾವಿರಕ್ಕೂ ಹೆಚ್ಚು ಜನ ಬಾಳುತ್ತಿದ್ದಾರೆಂದು 2011ರ ಜನಗಣತಿ ಹೇಳುತ್ತದೆ. ಅದು ಯಾರೂ ಹೋಗದ ಜಾಗವಲ್ಲ, ಅವರ ಊರು. ಬಂಗಾರಂ ದ್ವೀಪ ಬಿಟ್ಟರೆ ಮದ್ಯ ನಿಷಿದ್ಧ. ಜನವಸತಿಯ ಕಡಲತೀರದಲ್ಲಿ ಈಜುಡುಗೆಯಲ್ಲಿ ಓಡಾಡುವುದು ಅಲ್ಲಿನವರಿಗೆ ಒಗ್ಗದು. ಹೆಣ್ಣುಮಕ್ಕಳ ಫೋಟೊವನ್ನು ಕೇಳದೆ ತೆಗೆಯಬಾರದು.

ಎಲ್ಲಕ್ಕಿಂತ ಮುಖ್ಯವಾದದ್ದು ನೀರು. ಹವಳದ ಮರಳಿನಡಿಯಲ್ಲಿ ಮಳೆಯ ಸಿಹಿನೀರು ಉಪ್ಪುನೀರಿನ ಮೇಲೆ ತೆಳ್ಳಗೆ ತೇಲಿಕೊಂಡು ನಿಂತಿರುತ್ತದೆ. ಹೆಚ್ಚು ಸೇದಿದರೆ ಕೆಳಗಿನ ಉಪ್ಪು ಮೇಲೇರಿ ಬಾವಿಯೇ ಕೆಡುತ್ತದೆ. 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿ ಟ್ಯಾಂಕರ್‌ಗಾಗಿ ಕಾದು ಕೂತ ಹೊರಮಾವಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ವ್ಯತ್ಯಾಸವೆಂದರೆ ಅಲ್ಲಿಗೆ ಪಕ್ಕದ ಊರಿನ ಟ್ಯಾಂಕರ್ ಬರಲಾರದು. ಕವರತ್ತಿ ದ್ವೀಪದಲ್ಲಿ 2005ರಿಂದ ಸಮುದ್ರದ ನೀರನ್ನು ಸಿಹಿ ಮಾಡುವ ಘಟಕವಿದೆ, ಅದರ ಸಾಮರ್ಥ್ಯ ದಿನಕ್ಕೆ 1 ಲಕ್ಷ ಲೀಟರ್ ಮಾತ್ರ. ಆದ್ದರಿಂದ ಒಂದು ಬಕೆಟ್‌ನಲ್ಲಿ ಸ್ನಾನ ಮುಗಿಸುವ ಅಭ್ಯಾಸವನ್ನು ಮಕ್ಕಳಿಗೆ ಇಲ್ಲಿಂದಲೇ ಮಾಡಿಸಿ ಕರೆದೊಯ್ಯಿರಿ.

ಮಗನಿಗೆ ಸಾಹಸ ಬೇಕಿದ್ದರೆ, ಹಡಗಿನಿಂದ ಇಳಿಯುವುದೇ ಒಂದು ಸಾಹಸ. ಎಷ್ಟೋ ಕಡೆ ಹಡಗು ಹವಳದ ದಿಬ್ಬದಾಚೆಯೇ ನಿಲ್ಲುತ್ತದೆ, ದಡಕ್ಕೆ ಸಣ್ಣ ದೋಣಿಯಲ್ಲಿ ಹೋಗಬೇಕು. ದೋಣಿ ಅಲೆಯೊಂದಿಗೆ ಏಳುತ್ತ ಬೀಳುತ್ತ ಇರುತ್ತದೆ. ದೋಣಿಯವರು ನಿಮ್ಮ ತೋಳು ಹಿಡಿದು ಕಾಯುತ್ತಾರೆ. ಅಲೆ ದೋಣಿಯನ್ನು ಹಡಗಿನ ಬಾಗಿಲ ಮಟ್ಟಕ್ಕೆ ಎತ್ತಿದ ಕ್ಷಣ ಅವರು ಹೇಳಿದಾಗ ಕಾಲಿಡಬೇಕು. ಆಗ ಮೊಬೈಲ್ ಕೈಯಲ್ಲಿರಬಾರದು.

ಪ್ರಶ್ನೆ: ನನಗೆ ಈಜು ಬಾರದು. ಗೆಳೆಯರು ಮುರ್ಡೇಶ್ವರದ ನೇತ್ರಾಣಿ ದ್ವೀಪದಲ್ಲಿ ಸ್ಕೂಬಾ ಮಾಡೋಣ ಎನ್ನುತ್ತಿದ್ದಾರೆ. ಭಾನುವಾರ ಬೆಳಗ್ಗೆ ಮುಳುಗಿ, ರಾತ್ರಿ ಹೊರಟು, ಸೋಮವಾರ ಆಫೀಸಿಗೆ ಬರಬಹುದೇ?
– ಒಬ್ಬ ಯುವಕ, ಕಲ್ಕೆರೆ

ಉತ್ತರ: ಮುಳುಗಬಹುದು, ಆದರೆ ಅಂದೇ ಹೊರಡಬಾರದು. ಈಜು ಬಾರದವರನ್ನೂ ತರಬೇತುದಾರರು ಕೈಹಿಡಿದು 12 ಮೀಟರ್ ಮೀರದ ಆಳಕ್ಕೆ ಕರೆದೊಯ್ಯುತ್ತಾರೆ. ಇಳಿಯುವಾಗ ಮೂಗು ಹಿಡಿದು ಮೆಲ್ಲಗೆ ಗಾಳಿ ಒತ್ತಿ ಕಿವಿಯ ಒತ್ತಡ ಸರಿಮಾಡಿಕೊಳ್ಳಬೇಕು. ನೆಗಡಿಯಿದ್ದರೆ ಅದು ಆಗುವುದಿಲ್ಲ, ಆ ದಿನ ದೋಣಿಯಲ್ಲೇ ಕೂತಿರಿ. ಉಬ್ಬಸ, ಹೃದಯದ ತೊಂದರೆ ಇದ್ದರೆ ಮುಚ್ಚಿಡದೆ ಫಾರಂನಲ್ಲಿ ಬರೆಯಿರಿ.

ಅಂದೇ ಹೊರಡಬಾರದೇಕೆಂದರೆ, ನೀರಿನ ಒತ್ತಡದಲ್ಲಿ ಉಸಿರಾಡಿದಾಗ ಸಾರಜನಕ ರಕ್ತದಲ್ಲಿ, ಮಾಂಸಖಂಡದಲ್ಲಿ ಕರಗಿರುತ್ತದೆ. ಅದು ನಿಧಾನವಾಗಿ ಹೊರಹೋಗಬೇಕು. ಅಷ್ಟರೊಳಗೆ ಎತ್ತರದ ಜಾಗಕ್ಕೆ ಏರಿದರೆ ಒತ್ತಡ ತಗ್ಗಿ ಅನಿಲ ಗುಳ್ಳೆಗಟ್ಟುತ್ತದೆ. ಕೀಲುನೋವಿನಿಂದ ಹಿಡಿದು ಪಾರ್ಶ್ವವಾಯುವಿನವರೆಗೆ ಏನೂ ಆಗಬಹುದು. ಒಂದೇ ಸಲ ಮುಳುಗಿದವರು ಕನಿಷ್ಠ 12 ಗಂಟೆ, ಹೆಚ್ಚು ಸಲ ಮುಳುಗಿದವರು 18 ಗಂಟೆ ವಿಮಾನ ಹತ್ತಬಾರದೆಂಬ ನಿಯಮ ಎಲ್ಲರಿಗೂ ಗೊತ್ತು. ಆದರೆ ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಘಟ್ಟ ಹತ್ತುವ ಬಸ್ಸಿಗೂ ರೈಲಿಗೂ ಇದೇ ನಿಯಮ ಅನ್ವಯಿಸುತ್ತದೆ ಎಂಬುದನ್ನು ನಮ್ಮವರು ಮರೆಯುತ್ತಾರೆ. ಶನಿವಾರ ಮುಳುಗಿ, ಭಾನುವಾರ ಮುರ್ಡೇಶ್ವರದಿಂದ ಹೊರಡಿ. ವಿಶ್ವೇಶ್ವರಯ್ಯ ಟರ್ಮಿನಲ್‌ಗೇ ಬರುವ ರೈಲಿದೆ. ಸೋಮವಾರ ಆಫೀಸೂ ತಪ್ಪದು.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ. ಮಂಗಳೂರಿನ ಬಂದರಿನ ಹತ್ತಿರ ಬೆಳೆದವಳು. ಲಕ್ಷದ್ವೀಪದವರು ಮಂಜಿ ದೋಣಿಗಳಲ್ಲಿ ಬರುತ್ತಿದ್ದುದು ನೆನಪಿದೆ. ಅವರ ಊರು ನೋಡುವ ಆಸೆ. ನೀರಾಟ ನನಗೆ ಬೇಡ, ಜನಜೀವನ ನೋಡಬೇಕು.
– ಒಬ್ಬ ಓದುಗಿ, ಹೊರಮಾವು ಅಗರ

ಉತ್ತರ: ಅಮ್ಮಾ, ನಿಮ್ಮ ಪತ್ರ ಓದಿ ತುಂಬ ಸಂತೋಷವಾಯಿತು. ಅಮಿನಿ, ಕದ್ಮತ್, ಕಿಲ್ತಾನ್, ಚೆತ್ಲತ್, ಬಿತ್ರ ದ್ವೀಪಗಳಿಗೂ ಮಂಗಳೂರಿಗೂ ಹಳೆಯ ನಂಟು. ಕಣ್ಣೂರಿನ ಅರಕ್ಕಲ್ ಮನೆತನದ ಆಳ್ವಿಕೆಯಿಂದ ಬೇಸತ್ತ ಅಮಿನಿಯವರು ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಟಿಪ್ಪು ಸುಲ್ತಾನನ ಮೊರೆಹೊಕ್ಕರು. ದ್ವೀಪಗಳು ಮೈಸೂರಿಗೆ ಸೇರಿದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬ್ರಿಟಿಷರು ಅವನ್ನು ಮಂಗಳೂರಿನಿಂದಲೇ ಆಳಿದರು. 1956ರವರೆಗೂ ಅವು ದಕ್ಷಿಣ ಕನ್ನಡ ಜಿಲ್ಲೆಯ ಭಾಗ. ದ್ವೀಪದವರು ತೆಂಗಿನ ನಾರು ಕೊಟ್ಟು ಅಕ್ಕಿ ಒಯ್ಯುತ್ತಿದ್ದರು. ನಮ್ಮ ಶಾಲಾ ಪಾಠಗಳಲ್ಲಿ ಈ ಕಥೆಗೆ ಜಾಗ ಸಿಗದಿರುವುದು ನನಗೆ ನೋವಿನ ಸಂಗತಿ. ಇಂದಿಗೂ ಮಂಗಳೂರಿನ ಹಳೆಬಂದರಿನಿಂದ ತರಕಾರಿ, ಸಿಮೆಂಟು, ಜಲ್ಲಿ ದ್ವೀಪಗಳಿಗೆ ಹೋಗುತ್ತದೆ.

ಜನಜೀವನ ನೋಡಲು ನಾನು ಮಿನಿಕಾಯ್ ದ್ವೀಪವನ್ನೇ ಹೇಳುತ್ತೇನೆ. ಉಳಿದ ದ್ವೀಪಗಳಲ್ಲಿ ಮಲಯಾಳದ ಒಳನುಡಿ ಜೆಸೆರಿ. ಇಲ್ಲಿ ಮಾತ್ರ ಮಾಲ್ಡೀವ್ಸ್ ನಂಟಿನ ಮಹಲ್ ಭಾಷೆ, ಬರೆಯುವುದು ಬಲದಿಂದ ಎಡಕ್ಕೆ. ಹನ್ನೊಂದು ಹಳ್ಳಿಗಳಿವೆ. ಹಬ್ಬದ ದಿನಗಳಲ್ಲಿ ಗಂಡಸರು ಬಣ್ಣದ ತಲೆಯುಡುಗೆ ತೊಟ್ಟು, ಡೋಲು ಬಾರಿಸುತ್ತ ಲಾವಾ ಕುಣಿಯುತ್ತಾರೆ. 1885ರ ದೀಪಸ್ತಂಭವೂ ಇದೆ.

ಆದರೆ ಕಣ್ಣಾರೆ ನೋಡಲೇಬೇಕಾದದ್ದು ಅವರ ಮೀನುಗಾರಿಕೆ. ಲಗೂನಿನಲ್ಲಿ ಪುಟ್ಟ ಮೀನು ಹಿಡಿದು ದೋಣಿಯ ತಳದ ತೊಟ್ಟಿಯಲ್ಲಿ ಜೀವಂತ ಇಟ್ಟುಕೊಳ್ಳುತ್ತಾರೆ. ಆಳಕಡಲಲ್ಲಿ ಸೂರೆಮೀನಿನ (ಟ್ಯೂನಾ) ಹಿಂಡು ಕಂಡೊಡನೆ ಆ ಪುಟ್ಟ ಮೀನನ್ನು ಎರಚಿ, ನೀರು ಚಿಮ್ಮಿಸಿ ಹಿಂಡನ್ನು ಕೆರಳಿಸುತ್ತಾರೆ. ಹಿಂಬದಿಯಲ್ಲಿ ಸಾಲಾಗಿ ನಿಂತವರು ಗಳ ಎತ್ತಿದರೆ ಮೀನು ತಲೆಯ ಮೇಲಿಂದ ಹಾರಿ ದೋಣಿಯೊಳಗೆ ಬೀಳುತ್ತದೆ. ಗಾಳಕ್ಕೆ ಮುಳ್ಳಿಲ್ಲದಿರುವುದರಿಂದ ತಾನೇ ಕಳಚಿಕೊಳ್ಳುತ್ತದೆ. ಬಲೆ ಬೀಸಿ ಸಿಕ್ಕಿದ್ದನ್ನೆಲ್ಲ ಬಳಿದುಕೊಳ್ಳುವ ಪದ್ಧತಿಯಲ್ಲ ಇದು. ಒಬ್ಬನಿಗೆ ಒಂದು ಗಳ, ಒಂದು ಗಾಳ. ಆ ಮೀನನ್ನೇ ಬೇಯಿಸಿ, ಹೊಗೆಯಲ್ಲಿಟ್ಟು, ಒಣಗಿಸಿ ಮಾಸ್ ಮಾಡುತ್ತಾರೆ.

ಕೊಚ್ಚಿಯಿಂದ ಹೊರಡುವ ಸರ್ಕಾರಿ ‘ಸಮುದ್ರಂ’ ಪ್ರವಾಸ ನಿಮಗೆ ಅನುಕೂಲ: ಹಗಲು ದ್ವೀಪದಲ್ಲಿ, ರಾತ್ರಿ ನಿದ್ದೆ ಹಡಗಿನಲ್ಲಿ. ದೋಣಿಗಿಳಿಯುವ ಕಷ್ಟ ಮೇಲೆ ಹೇಳಿದ್ದೇನೆ. ಮೊಣಕಾಲು ನೋವಿದ್ದರೆ ಬುಕಿಂಗ್ ವೇಳೆಯಲ್ಲೇ ತಿಳಿಸಿ.

ಪ್ರಶ್ನೆ: ಅಂಡಮಾನಿಗೆ ಹೊರಟಿದ್ದೇವೆ. ಟ್ರಂಕ್ ರೋಡಿನಲ್ಲಿ ಜಾರವಾ ಆದಿವಾಸಿಗಳನ್ನು ತೋರಿಸುತ್ತೇನೆಂದು ಚಾಲಕ ಹೇಳಿದ್ದಾನೆ. ಹೋಗಬಹುದೇ?
– ಒಬ್ಬ ಓದುಗರು, ಬಾಣಸವಾಡಿ

ಉತ್ತರ: ಬೇಡ. ಮನುಷ್ಯರನ್ನು ನೋಡಲು ಟಿಕೆಟ್ ಕೊಡುವುದು ಪ್ರವಾಸವಲ್ಲ. ಆದಿವಾಸಿಗಳ ರಕ್ಷಣೆಗೆ 1956ರಿಂದಲೇ ಅಲ್ಲಿ ಕಟ್ಟುನಿಟ್ಟಿನ ಕಾನೂನಿದೆ. ಅವರ ಫೋಟೊ ತೆಗೆಯುವುದು, ತಿಂಡಿ ಎಸೆಯುವುದು ಎಲ್ಲವೂ ಅಪರಾಧ. 1999ರಲ್ಲಿ ಜಾರವಾ ಜನರಲ್ಲಿ ದಡಾರ ಹಬ್ಬಿತ್ತು. ನಮಗೆ ಸಾಮಾನ್ಯವೆನಿಸುವ ಕಾಯಿಲೆ ಅಂಥ ಪುಟ್ಟ ಸಮುದಾಯವನ್ನೇ ಅಳಿಸಿಹಾಕಬಲ್ಲದು. ಅವರ ಬದುಕು ತಿಳಿಯುವ ಆಸೆಯಿದ್ದರೆ ಪೋರ್ಟ್‌ಬ್ಲೇರಿನ, ಅಂದರೆ ಈಗಿನ ಶ್ರೀವಿಜಯಪುರಂನ, ಮಾನವಶಾಸ್ತ್ರ ವಸ್ತುಸಂಗ್ರಹಾಲಯದಲ್ಲಿ ಅರ್ಧ ದಿನ ಕಳೆಯಿರಿ. ಚಾಲಕನಿಗೆ ಇಂದೇ ಫೋನ್ ಮಾಡಿ ಆ ದಿನದ ಕಾರ್ಯಕ್ರಮ ರದ್ದು ಮಾಡಿಸಿ, ಏಕೆಂದು ಕಾರಣವನ್ನೂ ಹೇಳಿ.