ಅಡಿಕೆ ತೋಟದ ಅಂಚಿಗೆ ಅರೆನೆರಳು

ತೋಟದ ಒಳಸಾಲಿನ ಅಡಿಕೆ ಮರಗಳು ಒಂದಕ್ಕೊಂದು ನೆರಳಾಗುತ್ತವೆ. ಅಂಚಿನ ಸಾಲಿಗೆ ಆ ಭಾಗ್ಯವಿಲ್ಲ. ಪಕ್ಕದ ಬೇಣದಲ್ಲಿ ಮರ ಕಡಿದರೆಂದರೆ, ಅದುವರೆಗೆ ತಂಪಿನಲ್ಲಿದ್ದ ಕಾಂಡ ಒಮ್ಮೆಲೇ ಬಿಸಿಲಿಗೆ ಬೀಳುತ್ತದೆ. ಹಸಿರು ಕಾಂಡದ ಮೇಲೆ ಮೊದಲು ಹೊಂಬಣ್ಣದ ಮಚ್ಚೆ ಕಾಣುತ್ತದೆ. ಅದು ಕಂದು ಬಣ್ಣಕ್ಕೆ ತಿರುಗಿ ಉದ್ದಕ್ಕೆ ಸೀಳುತ್ತದೆ. ಸೀಳಿನಲ್ಲಿ ಹುಳು, ಅಣಬೆ ಸೇರಿ ಕಾಂಡ ಬಲಗುಂದುತ್ತದೆ. ಆಮೇಲೆ ಮಳೆಗಾಲದ ಒಂದು ಗಾಳಿ ಸಾಕು, ಫಸಲು ಕೊಡುವ ಮರ ನಡುವೆ ಮುರಿದು ಬೀಳುತ್ತದೆ. ಅದು ಬಿದ್ದರೆ ಅದರ ಹಿಂದಿನ ಸಾಲೇ ಅಂಚಾಗುತ್ತದೆ ಎಂಬುದನ್ನು ನಾವು ಮರೆಯಬಾರದು.

ನಾಲ್ಕು ಕಡೆಗೂ ಒಂದೇ ತೆರನ ಮರೆ ಬೇಕಿಲ್ಲ. ಡಿಸೆಂಬರಿನಲ್ಲಿ ನಮ್ಮ ಮಲೆನಾಡಿನಲ್ಲಿ ನಡುಹಗಲಲ್ಲೂ ಸೂರ್ಯ ನೆತ್ತಿಯಿಂದ ಸುಮಾರು 37 ಡಿಗ್ರಿ ದಕ್ಷಿಣಕ್ಕೆ ವಾಲಿರುತ್ತಾನೆ. ಮಧ್ಯಾಹ್ನದ ನಂತರ ನೈಋತ್ಯಕ್ಕೆ ಇಳಿಯುತ್ತಾನೆ. ಆದ್ದರಿಂದ ಮರೆ ಬೇಕಾದದ್ದು ದಕ್ಷಿಣ ಮತ್ತು ಪಶ್ಚಿಮಕ್ಕೆ. ಹೊಸ ತೋಟ ಹಾಕುವಾಗ ಉತ್ತರ-ದಕ್ಷಿಣ ಸಾಲನ್ನು ಪಶ್ಚಿಮಕ್ಕೆ 35 ಡಿಗ್ರಿ ವಾರೆ ಮಾಡಬೇಕೆಂಬ ಶಿಫಾರಸಿಗೂ ಕಾರಣ ಇದೇ.

ಹಾಲುವಾಣ, ಗ್ಲಿರಿಸಿಡಿಯಾ ಬೇಗ ಬೆಳೆಯುತ್ತವೆಂದು ನಾವೆಲ್ಲ ಅವನ್ನೇ ನೆಡುತ್ತೇವೆ. ಸೊಪ್ಪಿಗೆ ಅವು ಒಳ್ಳೆಯವೇ. ಆದರೆ ಬಿಸಿಲು ಏರುವ ಹೊತ್ತಿಗೇ ಎಲೆ ಉದುರಿಸಿ ಬೋಳಾಗಿ ನಿಲ್ಲುತ್ತವೆ! ಅಂಚಿಗೆ ಬೇಕಾದದ್ದು ವರ್ಷವಿಡೀ ಹಸಿರಾಗಿರುವ ಮರ. ಅಗಳಿನ ಆಚೆ ದಂಡೆಯಲ್ಲಿ ಹಲಸು, ಪುನರ್ಪುಳಿ, ಅವುಗಳ ನಡುವೆ ದಾಲ್ಚಿನ್ನಿ ಇರಲಿ. ಅಗಳು ನಡುವೆ ಇದ್ದರೆ ಬೇರಿನ ಪೈಪೋಟಿ ಕಡಿಮೆ. ಇವು ಮೇಲೇಳಲು ವರ್ಷಗಳು ಬೇಕು. ಅಲ್ಲಿಯವರೆಗೆ ಈಚೆ ದಂಡೆಯಲ್ಲಿ ಎರಡು ಸಾಲು ಬಾಳೆ ಹಾಕಿದರೆ ಎಳೆ ಅಡಿಕೆಗೆ ಮರೆಯೂ ಆಯಿತು, ಗೊನೆಯೂ ಸಿಕ್ಕಿತು. ಮರಗಳು ಬಲಿತ ಮೇಲೆ ಹಲಸಿಗೆ ಕಾಳುಮೆಣಸು ಹಬ್ಬಿಸಬಹುದು. ಬೆಳಕು ಚದುರಿ ಬೀಳುವ ಬುಡದಲ್ಲಿ ರೊಬಸ್ಟಾ ಕಾಫಿ, ತೇವ ನಿಲ್ಲುವ ಕಡೆ ಏಲಕ್ಕಿ ಒಗ್ಗುತ್ತದೆ.

ಮರೆ ಹೆಚ್ಚಾದರೂ ತೊಂದರೆಯೇ. ಗಾಳಿಯಾಡದೆ ಗೊನೆ ಒದ್ದೆಯಾಗಿಯೇ ಉಳಿದರೆ ಕೊಳೆರೋಗಕ್ಕೆ ಅನುಕೂಲ. ಮುಂಗಾರಿಗೆ ಮೊದಲು ತೋಟದ ಮೇಲೆ ಚಾಚಿದ ಕೊಂಬೆಗಳನ್ನು ಸವರಬೇಕು. ಪೂರ್ವ, ಉತ್ತರದ ಅಂಚುಗಳನ್ನು ತೆರವಾಗಿಯೇ ಬಿಡಬಹುದು.

ಮರ ಏಳುವವರೆಗೆ, ಈಗಾಗಲೇ ಬಿಸಿಲಿಗೆ ಬಿದ್ದ ದೊಡ್ಡ ಮರಗಳ ಕಾಂಡಕ್ಕೆ ನೈಋತ್ಯದ ಕಡೆ ಅಡಿಕೆ ಸೋಗೆ ಕಟ್ಟಿರಿ, ಇಲ್ಲವೇ ಸುಣ್ಣ ಬಳಿಯಿರಿ. ಕೂಲಿಯಾಳು ಸಿಗುವುದು ಕಷ್ಟವೆಂದು ಇದನ್ನು ಕೊಯ್ಲು ಮುಗಿಯುವವರೆಗೆ ಮುಂದೂಡುವುದುಂಟು. ಮಳೆ ಬಿಟ್ಟು ಬಾನು ತಿಳಿಯಾದೊಡನೆ, ದೀಪಾವಳಿಯ ಆಸುಪಾಸಿನಲ್ಲೇ ಇದು ಮುಗಿದಿರಬೇಕು.