ಹಳೆಯ ಮಾತಿಗೆ ನಮಸ್ಕಾರ, ಹೊಸ ಮಾತಿಗೆ ಸಂಶಯ: ಯಾಕೆ ಹೀಗೆ?

ಕುರುಗೋಡಿನ ದೊಡ್ಡಬಸವೇಶ್ವರ ಗುಡಿಗೆ ಹೋದವರೆಲ್ಲ ಆ ಏಕಶಿಲೆಯ ಬಸವಣ್ಣನ ಮುಂದೆ ನಿಂತು ಕೈ ಮುಗಿಯುತ್ತಾರೆ. ಇದನ್ನು ಇಲ್ಲೇ ನಿಲ್ಲಿಸಬೇಕು ಅಂತ ಯಾರಿಗೆ ಅನಿಸಿತು, ಅವರಿಗೆ ದೇವರ ಅಪ್ಪಣೆ ಆಗಿತ್ತಾ ಅಂತ ಯಾರೂ ಕೇಳುವುದಿಲ್ಲ. ಆದರೆ ಅದೇ ಊರಲ್ಲಿ ಒಬ್ಬರು ಎದ್ದು ನಿಂತು, "ನಿನ್ನೆ ರಾತ್ರಿ ಬಸವಣ್ಣ ನನ್ನ ಹತ್ರ ಮಾತಾಡಿದ, ಊರಿಗೆ ಒಂದು ಮಾತು ಹೇಳು ಅಂದ" ಎಂದರೆ ಏನಾಗುತ್ತೆ? ಮೊದಲ ಪ್ರಶ್ನೆ: "ರೊಕ್ಕ ಎಷ್ಟು ಕೇಳ್ತಾನ?" ಎರಡನೇ ಪ್ರಶ್ನೆ: "ಡಾಕ್ಟರ್ ಹತ್ರ ತೋರಿಸೀರೇನು?"

ಸಾವಿರ ವರ್ಷದ ಹಿಂದೆ ದೇವರು ಮಾತಾಡಿದ ಅಂದರೆ ಶಾಸ್ತ್ರ, ನಿನ್ನೆ ಮಾತಾಡಿದ ಅಂದರೆ ಸಂಶಯ. ಯಾಕೆ ಹೀಗೆ? ಯಾವ ಧರ್ಮ ಸರಿ, ಯಾವುದು ತಪ್ಪು ಅಂತ ತೀರ್ಪು ಕೊಡೋದು ಈ ಲೇಖನದ ಕೆಲಸ ಅಲ್ಲ. ನಮ್ಮ ನಂಬಿಕೆ ಎಲ್ಲಿಂದ ಬರುತ್ತೆ, ಹಳತಿಗೂ ಹೊಸತಿಗೂ ನಾವು ಒಂದೇ ಅಳತೆ ಹಿಡಿಯುತ್ತೇವಾ ಅನ್ನೋದನ್ನು ಮಾತ್ರ ನೋಡೋಣ.

ಹಳೆಯದೆಲ್ಲ ಒಂದು ಕಾಲಕ್ಕೆ ಹೊಸದೇ

12ನೇ ಶತಮಾನದಲ್ಲಿ ನಮ್ಮ ಕುರುಗೋಡು ಸಿಂದ ಅರಸರ ರಾಜಧಾನಿ. ಅದೇ ಶತಮಾನದಲ್ಲಿ ಕಲ್ಯಾಣದಲ್ಲಿ ಕಳಚುರಿ ಬಿಜ್ಜಳನ ಆಳ್ವಿಕೆ, ಅವನ ಭಂಡಾರಿಯಾಗಿ ಬಸವಣ್ಣ. ವಚನಗಳು ಹುಟ್ಟಿದ್ದು ಆಗ. ಆ ಕಾಲದ ಒಬ್ಬ ಪಂಡಿತನ ಜಾಗದಲ್ಲಿ ನಿಂತು ಸ್ವಲ್ಪ ಯೋಚಿಸಿ. ಧರ್ಮದ ಮಾತು ಅಂದರೆ ಸಂಸ್ಕೃತ, ವೇದ, ಆಗಮ. ಇಲ್ಲಿ ನೋಡಿದರೆ ಅಂಬಿಗರ ಚೌಡಯ್ಯ ದೋಣಿ ನಡೆಸೋನು, ಮಾದಾರ ಚೆನ್ನಯ್ಯ ಚರ್ಮದ ಕೆಲಸದೋನು, ಆಯ್ದಕ್ಕಿ ಲಕ್ಕಮ್ಮ ನೆಲದ ಮೇಲಿನ ಅಕ್ಕಿ ಆಯ್ದು ತರೋ ಮನೆಯವಳು. ಇವರೆಲ್ಲ ಆಡುಮಾತಿನ ಕನ್ನಡದಲ್ಲಿ, ತಮ್ಮ ಅನುಭಾವವೇ ಪ್ರಮಾಣ ಅಂತ ಹೇಳ್ತಿದ್ದಾರೆ. ಆ ಪಂಡಿತ ಏನು ಕೇಳಿರಬಹುದು? ಇವತ್ತು ನಾವು ಕೇಳೋದನ್ನೇ: "ಇದೆಲ್ಲ ನಿನ್ನೆ ಮೊನ್ನೆಯದು, ಇದಕ್ಕೇನು ಆಧಾರ?"

ಪರಂಪರೆ ಹೇಳುವ ಪ್ರಕಾರ ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಮದುವೆ ಆದಮೇಲೆ ಕಲ್ಯಾಣದಲ್ಲಿ ರಕ್ತ ಹರಿಯಿತು, ಶರಣರು ದಿಕ್ಕಾಪಾಲಾದರು. ಅಂದರೆ "ಹೊಸದು, ಹಾಗಾಗಿ ಸುಳ್ಳು" ಅನ್ನೋ ನಿಯಮವನ್ನು ನಾವು ಒಪ್ಪಿದರೆ, ಆ ದಿನ ನಾವು ಶರಣರ ಎದುರು ಪಾಳಯದಲ್ಲಿ ನಿಂತಿರುತ್ತಿದ್ದೆವು. ಇದು ಮೊದಲ ತೊಡಕು.

ಕಾಲ ಮಾಡುವ ಕೆಲಸ

ಹಾಗಂತ ಹಳೆಯದನ್ನು ನಂಬುವವರು ದಡ್ಡರು ಅಂತಲ್ಲ. ಕಾಲ ಮೂರು ಕೆಲಸಗಳನ್ನು ನಿಜವಾಗಿಯೂ ಮಾಡುತ್ತೆ.

ಒಂದು, ಸೋಸುತ್ತೆ. ಪ್ರತಿ ಶತಮಾನದಲ್ಲೂ "ನನಗೆ ದರ್ಶನ ಆಯ್ತು" ಅಂದವರು ಎಷ್ಟೋ ಜನ ಇದ್ದಿರಬೇಕು. ಅವರಲ್ಲಿ ಹೆಚ್ಚಿನವರ ಮಾತು ಅವರ ಜೊತೆಗೇ ಹೋಯಿತು. ನಮ್ಮ ಕೈಗೆ ಬಂದದ್ದು ತಲೆಮಾರುಗಳ ಜರಡಿ ದಾಟಿ ಉಳಿದ ಕಾಳು. ಇವತ್ತಿನ ಹೊಸ ಮಾತು ಇನ್ನೂ ಜರಡಿಗೇ ಬಿದ್ದಿಲ್ಲ.

ಎರಡು, ಹೇಳಿದವರ ಸ್ವಾರ್ಥವನ್ನು ದೂರ ಮಾಡುತ್ತೆ. 12ನೇ ಶತಮಾನದ ಶರಣರು ಬಂದು ನಮ್ಮ ಹೊಲ ಬರೆಸಿಕೊಳ್ಳೋದಿಲ್ಲ, ಫೋನ್‌ಪೇ ನಂಬರ್ ಕೊಡೋದಿಲ್ಲ. ಬದುಕಿರುವ ಮನುಷ್ಯ ಇವೆರಡನ್ನೂ ಮಾಡಬಹುದು. ಹಾಗಾಗಿ ಬದುಕಿರೋರ ಮೇಲೆ ಸಂಶಯ ಜಾಸ್ತಿ ಇರೋದು ಬುದ್ಧಿವಂತಿಕೆಯೇ.

ಮೂರು, ಬಹಳ ಕೈಗಳಿಗೆ ಕೆಲಸ ಕೊಡುತ್ತೆ. ಇದಕ್ಕೆ ಒಳ್ಳೆ ಉದಾಹರಣೆ ನಮ್ಮ ಪಕ್ಕದಲ್ಲೇ ಇದೆ. ಕುರುಗೋಡಿನಿಂದ ಕಂಪ್ಲಿ ದಾಟಿದರೆ ಹಂಪಿ ದೂರ ಇಲ್ಲ. 15ನೇ ಶತಮಾನದಲ್ಲಿ, ಪ್ರೌಢದೇವರಾಯನ ಕಾಲದ ಸುತ್ತಮುತ್ತ, ವಿಜಯನಗರದ ವಿರಕ್ತರು ಚದುರಿಹೋಗಿದ್ದ ವಚನಗಳನ್ನು ಹುಡುಕಿ, ಜೋಡಿಸಿ, ಓಲೆಗರಿಗೆ ಇಳಿಸುವ ಕೆಲಸಕ್ಕೆ ಕೂತರು. ಅಲ್ಲಮನನ್ನು ನಡುವೆ ಇಟ್ಟು ಸಂವಾದದ ರೂಪದಲ್ಲಿ ವಚನಗಳನ್ನು ಪೋಣಿಸಿದ ಶೂನ್ಯಸಂಪಾದನೆ ಹುಟ್ಟಿದ್ದು ಹೀಗೆ. ಅದನ್ನೂ ಒಬ್ಬರು ಮಾಡಿ ಮುಗಿಸಲಿಲ್ಲ. ಶಿವಗಣಪ್ರಸಾದಿ ಮಹಾದೇವಯ್ಯ, ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗ ಯತಿ, ಗೂಳೂರು ಸಿದ್ಧವೀರಣ್ಣ, ಹೀಗೆ ನಾಲ್ಕು ಬಾರಿ ಪರಿಷ್ಕಾರ ಆಯಿತು. ನಮ್ಮ ಭಾಷೆಯಲ್ಲಿ ಹೇಳಬೇಕಂದರೆ ನಾಲ್ಕು ವರ್ಷನ್. ಆಮೇಲೆ 20ನೇ ಶತಮಾನದಲ್ಲಿ ವಿಜಯಪುರದ ವಕೀಲ ಫ.ಗು. ಹಳಕಟ್ಟಿಯವರು ಮನೆ ಮಠ ಸುತ್ತಿ ಓಲೆಗರಿ ಕೂಡಿಸಿದರು. ಅವರ 'ವಚನಶಾಸ್ತ್ರ ಸಾರ' 1923ರಲ್ಲಿ ಅಚ್ಚಾಯಿತು, 'ಶಿವಾನುಭವ' ಪತ್ರಿಕೆ 1926ರಲ್ಲಿ ಶುರುವಾಯಿತು. ನಮ್ಮ ಪಠ್ಯದಲ್ಲಿ ಬರುವ ಒಂದೊಂದು ವಚನದ ಹಿಂದೆ ಇಷ್ಟು ಜನರ ಕಣ್ಣು, ಬೆರಳು ಇವೆ.

ಗಮನಿಸಿ: ಇಲ್ಲಿ ನಂಬಿಕೆ ಹುಟ್ಟಿಸಿದ್ದು ಬರೀ ವರ್ಷಗಳ ಲೆಕ್ಕ ಅಲ್ಲ. ಆ ವರ್ಷಗಳಲ್ಲಿ ಜನ ಮಾಡಿದ ಕೆಲಸ.

ಕಾಲ ಮಾಡದ ಕೆಲಸ

ಕಾಲಕ್ಕೆ ಇನ್ನೊಂದು ಮುಖಾನೂ ಇದೆ. ಅದು ಸಾಕ್ಷಿಗಳನ್ನು ಅಳಿಸಿಹಾಕುತ್ತೆ. 1830ರಲ್ಲಿ ಅಮೆರಿಕದಲ್ಲಿ ಜೋಸೆಫ್ ಸ್ಮಿತ್ ಅನ್ನೋರು, ದೇವದೂತ ತೋರಿಸಿದ ಚಿನ್ನದ ತಗಡುಗಳಿಂದ ಅನುವಾದಿಸಿದ್ದು ಅಂತ ಹೇಳಿ 'ಬುಕ್ ಆಫ್ ಮಾರ್ಮನ್' ಪ್ರಕಟಿಸಿದರು. ಆ ಕಾಲದ ಪತ್ರಿಕೆಗಳು, ನೆರೆಹೊರೆಯವರ ಹೇಳಿಕೆಗಳು, ಪರ ವಿರೋಧ ಎರಡೂ ಇವತ್ತಿಗೂ ಓದೋಕೆ ಸಿಗುತ್ತೆ. ಮೂರು ಸಾವಿರ ವರ್ಷದ ಹಿಂದಿನ ಋಷಿಯ ನೆರೆಮನೆಯವರು ಏನಂದರು? ಅದು ಯಾರ ಹತ್ರಾನೂ ಇಲ್ಲ. ಹೊಸದರ ಬಗ್ಗೆ ನಮಗೆ ಸಂಶಯ ಜಾಸ್ತಿ ಆಗೋದು ಕೆಲವು ಸಲ ಅದರ ಮಾಹಿತಿ ಜಾಸ್ತಿ ಇರೋದರಿಂದ. ಹಳೆಯದು ಸ್ವಚ್ಛವಾಗಿ ಕಾಣೋದು ಕೆಲವು ಸಲ ಅದರ ಎದುರು ಸಾಕ್ಷಿ ಹೇಳೋರು ಯಾರೂ ಉಳಿದಿಲ್ಲದ್ದರಿಂದ.

ಜನ ಹಳೆಯದನ್ನು ಸುಲಭವಾಗಿ ನಂಬ್ತಾರೆ ಅನ್ನೋದು ಮೋಸಗಾರರಿಗೆ ಮೊದಲಿನಿಂದಲೂ ಗೊತ್ತು. ಶಾಸನಗಳನ್ನು ಓದುವವರಲ್ಲಿ 'ಕೂಟ ಶಾಸನ' ಅನ್ನೋ ಪದ ಇದೆ, ಅಂದರೆ ನಕಲಿ ಶಾಸನ. ಭೂಮಿಯ ಹಕ್ಕು ಸಾಧಿಸೋಕೆ ಹಳೆಯ ಅರಸನ ಹೆಸರು, ಹಳೆಯ ತಾರೀಖು ಹಾಕಿ ತಾಮ್ರಪಟ ಬರೆಸುತ್ತಿದ್ದರು. ಗಂಗರ ಹೆಸರಿನ ಹಲವು ತಾಮ್ರಪಟಗಳು ಇಂಥವು ಅಂತ ಜೆ.ಎಫ್. ಫ್ಲೀಟ್ ತೋರಿಸಿದರು. ಹೇಗೆ ಸಿಕ್ಕಿಬಿದ್ದವು ಅಂದರೆ, ಹೇಳಿಕೊಂಡ ಕಾಲಕ್ಕೂ ಅಕ್ಷರದ ರೂಪಕ್ಕೂ ತಾಳೆ ಇಲ್ಲ, ತಿಥಿ ವಾರ ಕೂಡೋದಿಲ್ಲ.

ನಮ್ಮ ಕಾಲದ ಕೂಟ ಶಾಸನ ವಾಟ್ಸಾಪ್‌ನಲ್ಲಿ ಬರುತ್ತೆ. ಆಂಧ್ರದ ಗಡಿಯಲ್ಲಿರೋ ನಮ್ಮ ಬಳ್ಳಾರಿ ಕಡೆ ಬ್ರಹ್ಮಂಗಾರಿ ಕಾಲಜ್ಞಾನ ಅಂದರೆ ಎಲ್ಲರಿಗೂ ಗೊತ್ತು. ಕೊರೊನಾ ಬಂದಾಗ "ಇದನ್ನು ಪೋತುಲೂರಿ ವೀರಬ್ರಹ್ಮೇಂದ್ರ ಸ್ವಾಮಿಗಳು ಆಗಲೇ ಹೇಳಿದ್ದರು" ಅನ್ನೋ ಫಾರ್ವರ್ಡ್‌ಗಳು ಓಡಾಡಿದವು. ಆ ಸಾಲು ಯಾವ ಹಸ್ತಪ್ರತಿಯಲ್ಲಿದೆ, 2020ಕ್ಕಿಂತ ಮುಂಚೆ ಅಚ್ಚಾದ ಯಾವ ಪುಸ್ತಕದಲ್ಲಿದೆ ಅಂತ ಕೇಳಿದರೆ ಕಳಿಸಿದವರು ಒಂದು ನಮಸ್ಕಾರದ ಇಮೋಜಿ ಹಾಕ್ತಾರೆ. ಹೊಸ ಮಾತನ್ನು ಹೊಸ ಮಾತು ಅಂತಲೇ ಕಳಿಸಿದ್ದರೆ ಯಾರೂ ಓದುತ್ತಿರಲಿಲ್ಲ. ಹಳೆಯ ಹೆಸರು ಅಂಟಿಸಿದ ಕೂಡಲೇ ಹತ್ತು ಗ್ರೂಪಿಗೆ ಹೋಗುತ್ತೆ.

ಮೈಲಾರದ ಕಾರಣಿಕ: ಪ್ರತಿ ವರ್ಷ ಹೊಸ ಮಾತು

ಹಾಗಾದರೆ ಜನ ಹೊಸ ದೈವವಾಣಿಯನ್ನು ನಂಬೋದೇ ಇಲ್ವಾ? ನಂಬ್ತಾರೆ. ಹೂವಿನಹಡಗಲಿ ತಾಲ್ಲೂಕಿನ ಮೈಲಾರ 2021ರಲ್ಲಿ ವಿಜಯನಗರ ಜಿಲ್ಲೆ ಆಗುವವರೆಗೂ ನಮ್ಮ ಬಳ್ಳಾರಿ ಜಿಲ್ಲೆಯಲ್ಲೇ ಇತ್ತು. ಭರತ ಹುಣ್ಣಿಮೆ ಆದಮೇಲೆ ಅಲ್ಲಿಯ ಡೆಂಕನಮರಡಿಯಲ್ಲಿ ಲಕ್ಷಾಂತರ ಜನ ಸೇರುತ್ತಾರೆ. ವ್ರತದಲ್ಲಿದ್ದ ಗೊರವಯ್ಯ ಎತ್ತರದ ಬಿಲ್ಲನ್ನೇರಿ "ಸದ್ದಲೇ" ಅಂತ ಕೂಗಿದರೆ ಇಡೀ ಬಯಲು ಗಪ್‌ಚುಪ್. ಒಂದೇ ಒಂದು ಸಾಲು ನುಡಿದು ಮೇಲಿಂದ ಬೀಳುತ್ತಾರೆ, ಕೆಳಗಿನವರು ಹಿಡಿದುಕೊಳ್ಳುತ್ತಾರೆ. ಆ ಸಾಲೇ ಆ ವರ್ಷದ ಕಾರಣಿಕ. ಮಳೆ ಹೇಗೆ, ಬೆಳೆ ಹೇಗೆ, ಸರ್ಕಾರ ಉಳಿಯುತ್ತಾ ಅಂತ ಮರುದಿನದಿಂದ ಅರ್ಥ ಬಿಡಿಸೋಕೆ ಶುರು.

ಸಾಲು ಪ್ರತಿ ವರ್ಷ ಹೊಸದು. ಆದರೆ ಯಾರು ಹೇಳಬೇಕು, ಎಲ್ಲಿ, ಯಾವಾಗ, ಎಷ್ಟು ಮಾತು ಅನ್ನೋದೆಲ್ಲ ಹಳೆಯದು, ನಿಗದಿಯಾದದ್ದು. ಗೊರವಯ್ಯ ತನಗೆ ಬೇಕಾದ ದಿನ ಬಂದು ಬೇಕಾದಷ್ಟು ಮಾತಾಡೋ ಹಾಗಿಲ್ಲ. ಅರ್ಥ ಹೇಳೋ ಅಧಿಕಾರವೂ ಅವರೊಬ್ಬರದೇ ಅಲ್ಲ, ಜನ ತಾವೇ ಹೇಳಿಕೊಳ್ಳುತ್ತಾರೆ. ಇದರಿಂದ ಒಂದು ವಿಷಯ ಸ್ಪಷ್ಟ. ಜನ ಹೆದರೋದು ಹೊಸತನಕ್ಕಲ್ಲ, ಹಿಡಿತ ಇಲ್ಲದ ಅಧಿಕಾರಕ್ಕೆ. ಆದರೆ ಇದರಲ್ಲೂ ಒಂದು ಕೊರತೆ ಇದೆ. ಸಾಲು ಎಷ್ಟು ಬಿಡಿಬಿಡಿಯಾಗಿರುತ್ತೆ ಅಂದರೆ ಮಳೆ ಬಂದರೂ ಕೂಡುತ್ತೆ, ಬರದಿದ್ದರೂ ಕೂಡುತ್ತೆ. ಯಾವತ್ತೂ ತಪ್ಪಾಗಲಾರದ ಮಾತನ್ನು ಪರೀಕ್ಷೆ ಮಾಡೋದು ಹೇಗೆ?

ಒಂದು ಅಂಕಿತದ ಕಥೆ

ಹಳತು ಹೊಸತು ಮುಖಾಮುಖಿ ಆದ ಪ್ರಕರಣವೊಂದು ಕರ್ನಾಟಕದಲ್ಲೇ ಇದೆ. 1996ರಲ್ಲಿ ಮಾತೆ ಮಹಾದೇವಿ ಅವರು 'ಬಸವ ವಚನ ದೀಪ್ತಿ' ಪ್ರಕಟಿಸಿದರು. ಅದರಲ್ಲಿ ಬಸವಣ್ಣನ ವಚನಗಳ 'ಕೂಡಲಸಂಗಮದೇವ' ಅಂಕಿತದ ಜಾಗದಲ್ಲಿ 'ಲಿಂಗದೇವ' ಅಂತ ಹಾಕಿದ್ದರು. ಇದರ ಹಿಂದೆ ದೈವೀ ಪ್ರೇರಣೆಯ ಮಾತನ್ನೂ ಆಡಿದ್ದರು. ದೊಡ್ಡ ವಿವಾದ ಆಯಿತು. ಧಾರ್ಮಿಕ ಭಾವನೆಗೆ ಧಕ್ಕೆ ಅನ್ನೋ ಕಾರಣಕ್ಕೆ 1998ರಲ್ಲಿ ರಾಜ್ಯ ಸರ್ಕಾರ ಪುಸ್ತಕ ಮುಟ್ಟುಗೋಲು ಹಾಕಿತು. 2017ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು.

ಪುಸ್ತಕ ನಿಷೇಧಿಸೋದು ಸರಿಯೋ ತಪ್ಪೋ ಅನ್ನೋದು ಬೇರೆ ಚರ್ಚೆ, ಅದರಲ್ಲಿ ನಮ್ಮ ಸಂಘದೊಳಗೇ ಒಮ್ಮತ ಇಲ್ಲ. ಆದರೆ ಇಲ್ಲಿ ಎರಡು ಪ್ರಶ್ನೆ ಬೇರೆ ಬೇರೆ ಮಾಡಿ ನೋಡಬೇಕು. "ನನಗೆ ಹೀಗೆ ಪ್ರೇರಣೆ ಆಯಿತು" ಅಂತ ಹೇಳೋದು ಒಂದು. ಆ ಪ್ರೇರಣೆಯನ್ನು ಎಂಟು ಶತಮಾನದ ಹಿಂದಿನವರ ಬಾಯಿಂದ ಹೇಳಿಸೋದು ಇನ್ನೊಂದು. ಅಂಕಿತ ಅಂದರೆ ವಚನಕಾರರ ಸಹಿ ಇದ್ದ ಹಾಗೆ. ಯಾವುದು ಬಸವಣ್ಣನದು, ಯಾವುದು ಚೆನ್ನಬಸವಣ್ಣನದು ಅಂತ ಗುರುತಿಸೋದು ಮುಖ್ಯವಾಗಿ ಅದರಿಂದಲೇ. ಸಹಿ ಬದಲಾದರೆ ಮುಂದೆ ಓದುವವರಿಗೆ ಪರೀಕ್ಷೆ ಮಾಡೋ ದಾರಿಯೇ ಮುಚ್ಚಿಹೋಗುತ್ತೆ.

ನಮ್ಮ ಹಿರಿಯರು ಇಟ್ಟ ಪರೀಕ್ಷೆ

ಈ ಪ್ರಶ್ನೆ ನಮಗೇ ಮೊದಲು ಹೊಳೆದದ್ದಲ್ಲ. ಮೀಮಾಂಸಕರು ಹೇಳಿದರು: ತಪ್ಪು ಬರೋದು ಹೇಳುವ ಮನುಷ್ಯನಿಂದ, ವೇದ ಅಪೌರುಷೇಯ, ಅದನ್ನು ಹೇಳಿದ ಮನುಷ್ಯನೇ ಇಲ್ಲ, ಹಾಗಾಗಿ ತಪ್ಪೂ ಇಲ್ಲ. ನೈಯಾಯಿಕರು ಇದನ್ನು ಒಪ್ಪಲಿಲ್ಲ. ಮಾತಿಗೆ ಬೆಲೆ ಬರೋದು ಹೇಳಿದವನು 'ಆಪ್ತ' ಆಗಿದ್ದರೆ, ಅಂದರೆ ವಿಷಯ ತಿಳಿದವನೂ ಇದ್ದದ್ದನ್ನು ಇದ್ದ ಹಾಗೆ ಹೇಳುವವನೂ ಆಗಿದ್ದರೆ ಅಂದರು. ಅವರು ಕೊಟ್ಟ ಉದಾಹರಣೆ ಆಯುರ್ವೇದ: ಔಷಧ ಕೆಲಸ ಮಾಡಿದ್ದು ಕಣ್ಣಿಗೆ ಕಾಣುತ್ತೆ, ಅದರಿಂದ ಹೇಳಿದವರ ಮೇಲೆ ಭರವಸೆ ಹುಟ್ಟುತ್ತೆ. ಜೈನ ಆಚಾರ್ಯ ಸಮಂತಭದ್ರರು 'ಆಪ್ತಮೀಮಾಂಸೆ'ಯ ಶುರುವಿನಲ್ಲೇ, ದೇವತೆಗಳು ಬರೋದು, ಆಕಾಶದಲ್ಲಿ ಓಡಾಡೋದು ಇಂಥ ಪವಾಡ ಮಾಯಾವಿಗಳಲ್ಲೂ ಕಾಣುತ್ತೆ, ಬರೀ ಅದಕ್ಕಾಗಿ ಯಾರನ್ನೂ ದೊಡ್ಡವರು ಅನ್ನಲಾಗದು ಅನ್ನೋ ನಿಲುವು ತಾಳಿದರು, ಅದೂ ತಮ್ಮ ತೀರ್ಥಂಕರರನ್ನೇ ಉದ್ದೇಶಿಸಿ! ಹಳೆಯ ಶಾಸ್ತ್ರಗಳೇ ಪರೀಕ್ಷೆ ಮಾಡಿ ಅಂತಿರುವಾಗ ನಾವು ಯಾಕೆ ಹಿಂಜರಿಯಬೇಕು?

ಇನ್ನೊಂದು ಮಾತು. ಹಳೆಯದು ಹಳೆಯದಕ್ಕೇ ವಿರುದ್ಧ ಆದಾಗ ಏನು ಮಾಡೋದು? ಮುಟ್ಟಾದ ಹೆಣ್ಣುಮಕ್ಕಳು ಹೊರಗೆ ಕೂರಬೇಕು ಅಂತ ಇವತ್ತಿಗೂ ಎಷ್ಟೋ ಮನೆಗಳಲ್ಲಿ "ಶಾಸ್ತ್ರದಲ್ಲಿದೆ" ಅಂತಾರೆ. ಶರಣರು ಪಂಚಸೂತಕಗಳನ್ನೇ ತಳ್ಳಿಹಾಕಿದರು, ಮುಟ್ಟಿನ ಸೂತಕವೂ ಅದರಲ್ಲಿ ಒಂದು. ಆ ಮಾತಿಗೂ ಎಂಟು ಶತಮಾನ ಆಗಿದೆ. ಈಗ ವಯಸ್ಸು ನೋಡಿ ತೀರ್ಮಾನ ಮಾಡೋಕೆ ಆಗೋದಿಲ್ಲ. ಮಾತಿನ ತಿರುಳನ್ನೇ ನೋಡಬೇಕು.

ನಾಲ್ಕು ಪ್ರಶ್ನೆ, ಒಂದೇ ತಕ್ಕಡಿ

ನಮ್ಮ ಚರ್ಚೆಯಲ್ಲಿ ಕೊನೆಗೆ ಉಳಿದ ಪ್ರಶ್ನೆಗಳು ಇವು. ಹಳತಿಗೂ ಹೊಸತಿಗೂ ಇವನ್ನೇ ಹಾಕಿ ನೋಡಿ.

1. ಹೇಳಿದವರು ಯಾರು, ಬರೆದಿಟ್ಟದ್ದು ಯಾವಾಗ, ನಡುವೆ ಎಷ್ಟು ಅಂತರ?
2. ಇದನ್ನು ನಾವು ನಂಬಿದರೆ ಯಾರಿಗೆ ಲಾಭ, ಯಾರಿಗೆ ನಷ್ಟ?
3. ಇದು ತಪ್ಪಾಗಿದ್ದರೆ ನಮಗೆ ಗೊತ್ತಾಗೋದು ಹೇಗೆ?
4. ಪ್ರಶ್ನೆ ಕೇಳಿದವರನ್ನು ಹೇಗೆ ನಡೆಸಿಕೊಳ್ಳುತ್ತಾರೆ?

ಇದು ಬರೀ ಪುಸ್ತಕದ ವಿಷಯ ಅಲ್ಲ. "ದೇವರು ಹೇಳ್ಯಾನ, ಶುಗರ್ ಮಾತ್ರೆ ಬಿಡು" ಅಂತ ಹೊಸಬರೊಬ್ಬರು ಅಂದರೆ ಮನೆಯವರು ಜಗಳ ತೆಗೀತಾರೆ. ಅದೇ ಮಾತನ್ನು "ಹಳೇ ಗ್ರಂಥದಲ್ಲಿ ಐತಿ" ಅಂತ ಹೇಳಿದರೆ ಎಷ್ಟೋ ಸಲ ಸುಮ್ಮನಾಗ್ತಾರೆ. ಆದರೆ ರಕ್ತದಲ್ಲಿನ ಸಕ್ಕರೆಗೆ ಗ್ರಂಥದ ವಯಸ್ಸು ಗೊತ್ತಾಗೋದಿಲ್ಲ. ಹಾಗೆಯೇ ನಾಳೆ ಓದು ಬರಹ ಇಲ್ಲದ ಯಾರೋ ಒಬ್ಬರು ನಿಜವಾಗಿ ಒಳ್ಳೆಯ, ಹೊಸ ಮಾತು ಹೇಳಿದರೆ, "ಇದು ಯಾವ ಶಾಸ್ತ್ರದಲ್ಲಿದೆ?" ಅಂತ ಕೇಳಿ ಅವರ ಬಾಯಿ ಮುಚ್ಚಿಸೋದೂ ನಷ್ಟವೇ. ಕಲ್ಯಾಣದಲ್ಲಿ ಆದದ್ದು ಅದೇ.

ಓದುಗ ಗೆಳೆಯರಿಗೆ ಒಂದು ಅಭ್ಯಾಸ: ಈ ವಾರ ನಿಮ್ಮ ಮನೆಯಲ್ಲಿ ಯಾರಾದರೂ "ಹಿರಿಯರು ಹೇಳಿದ್ದಾರೆ" ಅಥವಾ "ಶಾಸ್ತ್ರದಲ್ಲಿದೆ" ಅಂದ ಒಂದು ಮಾತನ್ನು ಬರೆದುಕೊಳ್ಳಿ. ಯಾವ ಹಿರಿಯರು, ಯಾವ ಶಾಸ್ತ್ರ ಅಂತ ಗೌರವದಿಂದಲೇ ಕೇಳಿ. ಮೇಲಿನ ನಾಲ್ಕು ಪ್ರಶ್ನೆ ಹಾಕಿ. ಉತ್ತರ ಸಿಕ್ಕರೆ ಆ ಮಾತಿನ ಮೇಲೆ ನಿಮ್ಮ ಗೌರವ ಹೆಚ್ಚಾಗುತ್ತೆ. ಸಿಗದಿದ್ದರೆ ಹುಡುಕೋಕೆ ಒಂದು ಕೆಲಸ ಸಿಕ್ಕಂತಾಗುತ್ತೆ. ಸಿಕ್ಕಿದ್ದನ್ನು ನಮಗೆ ಬರೆದು ಕಳಿಸಿ, ಮುಂದಿನ ಸಂಚಿಕೆಯಲ್ಲಿ ಎಲ್ಲರೂ ಸೇರಿ ನೋಡೋಣ.