ಊರಿನ ವಾಚನಾಲಯಕ್ಕೆ ಊರವರ ಸಲಹೆಗಳು: ಸಂಗ್ರಹ, ವರ್ಗೀಕರಣ ಮತ್ತು ವಿನಂತಿ ಪತ್ರ

ಘಟಕ: ವ್ಯಾವಹಾರಿಕ ಬರವಣಿಗೆ
ಇಯತ್ತೆ: 8 ಮತ್ತು 9
ಅವಧಿ: ನಾಲ್ಕು ತಾಸಿಕೆಗಳು

ಅಧ್ಯಯನ ನಿಷ್ಪತ್ತಿಗಳು

ಈ ಘಟಕದ ಕೊನೆಗೆ ವಿದ್ಯಾರ್ಥಿಗಳು
1. ಹಿರಿಯರನ್ನು ಗೌರವದಿಂದ ಪ್ರಶ್ನಿಸಿ, ಉತ್ತರವನ್ನು ಅವರ ಮಾತಿನಲ್ಲಿಯೇ ಬರೆದುಕೊಳ್ಳುವರು.
2. ದೂರು ಮತ್ತು ಸಲಹೆಗಳ ವ್ಯತ್ಯಾಸವನ್ನು ಗುರುತಿಸುವರು.
3. ಸಂಗ್ರಹಿಸಿದ ಸಲಹೆಗಳನ್ನು ತತ್ತ್ವಾನುಸಾರ ವರ್ಗೀಕರಿಸುವರು.
4. ಶಿಷ್ಟ ಕನ್ನಡದಲ್ಲಿ ವಿನಂತಿ ಪತ್ರವನ್ನು ರಚಿಸುವರು.

ಪ್ರಸ್ತಾವನೆ

ವಿನಂತಿ ಪತ್ರದ ಪಾಠವನ್ನು ಸಾಮಾನ್ಯವಾಗಿ ನಮೂನೆಯಿಂದ ಆರಂಭಿಸಲಾಗುತ್ತದೆ: ದಿನಾಂಕ, ವಿಳಾಸ, ವಿಷಯ, ಒಕ್ಕಣೆ. ವಿದ್ಯಾರ್ಥಿ ಚೌಕಟ್ಟನ್ನು ಕಲಿಯುತ್ತಾನೆ. ಆದರೆ ಯಾರ ಪರವಾಗಿ, ಯಾವ ಕೊರತೆಗಾಗಿ, ಯಾರನ್ನು ಕೇಳಬೇಕೆಂಬುದು ಅವನಿಗೆ ತಿಳಿಯದೆ ಉಳಿಯುತ್ತದೆ. ಆದ್ದರಿಂದ ಇಲ್ಲಿ ನಮೂನೆಯನ್ನು ಕೊನೆಗೆ ಇಟ್ಟು, ಊರಿನ ವಾಚನಾಲಯವನ್ನೇ ಪಾಠದ ವಸ್ತುವಾಗಿ ತೆಗೆದುಕೊಳ್ಳಲಾಗಿದೆ.

ಮಂಗಳವೇಢೆ ತಾಲೂಕಿನ ನಂದೇಶ್ವರದ ಕಡೆಯಿಂದ ಅಕ್ಕಲಕೋಟದ ಗಡಿಹಳ್ಳಿಗಳವರೆಗೆ ಅನೇಕ ಮನೆಗಳ ಮಾತು ಕನ್ನಡ. ಕಚೇರಿಯ ಭಾಷೆ ಮರಾಠಿ. ಸಂವಿಧಾನದ 350ಎ ಅನುಚ್ಛೇದವು ಭಾಷಿಕ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಸೌಕರ್ಯ ಒದಗಿಸಬೇಕೆಂದು ಹೇಳುತ್ತದೆ. ಬಾಲಭಾರತಿಯು ಕನ್ನಡದಲ್ಲಿ ಪಠ್ಯಪುಸ್ತಕಗಳನ್ನು ಪ್ರಕಟಿಸುತ್ತದೆ. ಆದರೆ ಪಠ್ಯಪುಸ್ತಕವನ್ನು ಮುಚ್ಚಿದ ಮೇಲೆ ಮಗು ಕನ್ನಡದಲ್ಲಿ ಏನನ್ನು ಓದಬೇಕು? ಇದಕ್ಕೆ ಉತ್ತರ ಶಾಲೆಯ ಹೊರಗಿರುವ ವಾಚನಾಲಯದಲ್ಲಿದೆ.

ವಿಷಯ ವಿವೇಚನೆ

ಅ) ವಾಚನಾಲಯವು ಯಾರದು?

ಸಲಹೆ ನೀಡುವ ಮೊದಲು ನಿರ್ಧಾರ ಕೈಗೊಳ್ಳುವವರು ಯಾರೆಂದು ತಿಳಿದಿರಬೇಕು. ಈ ವಿಷಯದಲ್ಲಿ ನೆರೆಯ ಎರಡು ರಾಜ್ಯಗಳ ವ್ಯವಸ್ಥೆ ಬೇರೆ ಬೇರೆಯಾಗಿದೆ. ಕರ್ನಾಟಕದ 1965ರ ಸಾರ್ವಜನಿಕ ಗ್ರಂಥಾಲಯ ಕಾಯಿದೆಯು ಗ್ರಂಥಾಲಯ ಕರವನ್ನು ವಿಧಿಸಲು ಅವಕಾಶ ಮಾಡಿ, ಸರಕಾರಿ ಗ್ರಂಥಾಲಯಗಳ ಜಾಲವನ್ನು ಕಟ್ಟಿತು. ಮಹಾರಾಷ್ಟ್ರದ 1967ರ ಕಾಯಿದೆಯಲ್ಲಿ ಅಂಥ ಕರವಿಲ್ಲ. ಇಲ್ಲಿಯ ಬಹುಪಾಲು ಸಾರ್ವಜನಿಕ ಗ್ರಂಥಾಲಯಗಳನ್ನು ಊರವರೇ ಸ್ಥಾಪಿಸಿದ ಸಂಸ್ಥೆಗಳು ನಡೆಸುತ್ತವೆ. ಸರಕಾರವು ಅವುಗಳಿಗೆ ಮಾನ್ಯತೆ ನೀಡಿ, ಅ, ಬ, ಕ, ಡ ಎಂಬ ವರ್ಗಗಳಿಗೆ ಅನುಸಾರವಾಗಿ ಅನುದಾನ ಕೊಡುತ್ತದೆ. ಜಿಲ್ಲಾ ಮಟ್ಟದಲ್ಲಿ ಈ ವ್ಯವಹಾರವನ್ನು ಜಿಲ್ಲಾ ಗ್ರಂಥಾಲಯ ಅಧಿಕಾರಿಗಳು ನೋಡಿಕೊಳ್ಳುತ್ತಾರೆ.

ಇದರ ಅರ್ಥ ಸ್ಪಷ್ಟ. ಮಹಾರಾಷ್ಟ್ರದ ಹಳ್ಳಿಯ ವಾಚನಾಲಯದಲ್ಲಿ ಯಾವ ಪುಸ್ತಕ ಕೊಳ್ಳಬೇಕು, ಬಾಗಿಲು ಯಾವಾಗ ತೆರೆಯಬೇಕು ಎಂಬುದನ್ನು ಬಹುಮಟ್ಟಿಗೆ ಊರಿನ ಕಾರ್ಯಕಾರಿ ಸಮಿತಿಯೇ ನಿರ್ಧರಿಸುತ್ತದೆ. ಸದಸ್ಯರಾದವರು ಸಂಸ್ಥೆಯ ಸರ್ವಸಾಧಾರಣ ಸಭೆಯಲ್ಲಿ ಮಾತನಾಡಬಹುದು. ಕಟ್ಟಡ, ನೀರು, ದೀಪ, ದಾರಿಗಳಿಗೆ ಸಂಬಂಧಿಸಿದ ಮಾತನ್ನು ಗ್ರಾಮಸಭೆಯಲ್ಲಿಯೂ ಮಂಡಿಸಬಹುದು. ಕೇಳಬೇಕಾದವರು ದೂರದಲ್ಲಿಲ್ಲ.

ಆ) ಬರಿದಾದ ಕಪಾಟಿನ ವರ್ತುಲ

ಗಡಿಭಾಗದ ವಾಚನಾಲಯಗಳಲ್ಲಿ ಕನ್ನಡ ಪುಸ್ತಕಗಳ ಮಾತು ಬಂದಾಗ ಒಂದು ವಾದ ಸಹಜವಾಗಿ ಹುಟ್ಟುತ್ತದೆ: ಎರವಲು ವಹಿಯಲ್ಲಿ ಕನ್ನಡ ಪುಸ್ತಕ ಒಯ್ದವರ ದಾಖಲೆಯೇ ಇಲ್ಲ, ಆದ್ದರಿಂದ ಬೇಡಿಕೆಯಿಲ್ಲ. ಈ ವಾದವನ್ನು ವಿದ್ಯಾರ್ಥಿಗಳ ಮುಂದೆ ಇಟ್ಟು ಅದರ ದೋಷವನ್ನು ಅವರಿಂದಲೇ ಹೇಳಿಸಬೇಕು. ಕಪಾಟಿನಲ್ಲಿ ಇಲ್ಲದ ಪುಸ್ತಕವನ್ನು ಯಾರೂ ಒಯ್ಯಲಾರರು. ಒಯ್ಯದಿರುವುದರಿಂದ ದಾಖಲೆಯಿಲ್ಲ; ದಾಖಲೆಯಿಲ್ಲದ್ದರಿಂದ ಖರೀದಿಯಿಲ್ಲ. ಎರವಲು ವಹಿಯು ಇದ್ದುದರ ಲೆಕ್ಕವನ್ನು ಹೇಳುತ್ತದೆ, ಬೇಕಾದುದರ ಲೆಕ್ಕವನ್ನು ಹೇಳುವುದಿಲ್ಲ. ಈ ವರ್ತುಲವನ್ನು ಮುರಿಯಲು ಬರವಣಿಗೆಯ ಬೇಡಿಕೆಯೊಂದೇ ಸರಳ ಸಾಧನ. ಮೇಜಿನ ಮೇಲೆ ಒಂದು ಬೇಡಿಕೆ ವಹಿಯಿದ್ದರೆ, ಸಿಗದೆ ಹಿಂತಿರುಗಿದ ಓದುಗನೂ ಲೆಕ್ಕಕ್ಕೆ ಬರುತ್ತಾನೆ.

ಈ ಬೇಡಿಕೆ ಮರಾಠಿಯ ವಿರುದ್ಧವಲ್ಲವೆಂಬುದನ್ನು ಶಿಕ್ಷಕರು ಒತ್ತಿ ಹೇಳಬೇಕು. ಸೊನ್ನಲಿಗೆಯ ಸಿದ್ಧರಾಮನ ವಚನಗಳು ಈ ನೆಲದವು. ಮಂಗಳವೇಢೆಯು ಬಸವಣ್ಣನವರ ನೆನಪಿನ ಊರು. ಸಂತ ಚೋಖಾಮೇಳನ ನೆನಪೂ ಅಲ್ಲಿದೆ. 1974ರಲ್ಲಿ ಮಂಡ್ಯದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದ ಮೊದಲ ಮಹಿಳೆ, ಸೊಲ್ಲಾಪುರದ ಜಯದೇವಿತಾಯಿ ಲಿಗಾಡೆ, ಕನ್ನಡ ಮತ್ತು ಮರಾಠಿ ಎರಡರಲ್ಲಿಯೂ ಬರೆದವರು. ಅವರ ಪುಸ್ತಕಗಳು ಅಕ್ಕಪಕ್ಕದಲ್ಲಿ ನಿಲ್ಲಲು ಎರಡು ಭಾಷೆಯ ಕಪಾಟು ಬೇಕು.

ಇ) ಸಲಹೆಗಳ ವರ್ಗೀಕರಣ

ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಗ್ರಂಥಾಲಯದ ಐದು ಸೂತ್ರಗಳನ್ನು ಪ್ರಕಟಿಸಿದರು. ಊರವರ ಸಲಹೆಗಳನ್ನು ವಿಂಗಡಿಸಲು ಅವು ಒಳ್ಳೆಯ ಅಳತೆಗೋಲು.

1. ಪುಸ್ತಕಗಳು ಉಪಯೋಗಕ್ಕಾಗಿ: ಬೀಗ ಹಾಕಿದ ಕಪಾಟು, ಮುಚ್ಚಿದ ಬಾಗಿಲು, ಮಂದ ಬೆಳಕು ಇವುಗಳ ಕುರಿತ ಸಲಹೆಗಳು.
2. ಪ್ರತಿ ಓದುಗನಿಗೂ ಅವನ ಪುಸ್ತಕ: ಕನ್ನಡ ಬಾಲಸಾಹಿತ್ಯ, ಹಿರಿಯರಿಗೆ ದೊಡ್ಡ ಅಕ್ಷರದ ಪುಸ್ತಕ, ಸ್ಪರ್ಧಾ ಪರೀಕ್ಷೆಯ ಮರಾಠಿ ಗ್ರಂಥಗಳು.
3. ಪ್ರತಿ ಪುಸ್ತಕಕ್ಕೂ ಅದರ ಓದುಗ: ಹೊಸ ಪುಸ್ತಕಗಳ ಫಲಕ, ಶಾಲೆಯಲ್ಲಿ ಪ್ರದರ್ಶನ, ಗಟ್ಟಿ ಓದು.
4. ಓದುಗನ ಸಮಯವನ್ನು ಉಳಿಸಬೇಕು: ಎರಡೂ ಲಿಪಿಗಳಲ್ಲಿ ಪಟ್ಟಿ, ಕಪಾಟಿನ ಮೇಲೆ ಚೀಟಿ.
5. ಗ್ರಂಥಾಲಯವು ಬೆಳೆಯುವ ಜೀವಿ: ಮುಂದಿನ ವರ್ಷದ ಸ್ಥಳ, ಸಾಮಗ್ರಿ, ಸದಸ್ಯತ್ವ.

ಈ) ಪರಿಹಾರದ ಮಾದರಿಗಳು

ಕೊರತೆಯನ್ನು ಹೇಳಿ ನಿಲ್ಲುವುದು ದೂರು. ಸಾಧ್ಯವಾದ ದಾರಿಯನ್ನೂ ತೋರಿಸುವುದು ಸಲಹೆ. ದಾರಿಗಳಿಗೆ ಕೆಲವು ನಿದರ್ಶನಗಳು ನಮ್ಮ ಸುತ್ತಲೇ ಇವೆ. ಓದುಗರು ಕಡಿಮೆಯಿದ್ದಲ್ಲಿ, ಬಡೋದೆಯಲ್ಲಿ ಸಯಾಜಿರಾವ ಗಾಯಕವಾಡರು 1910ರ ಬಳಿಕ ನಡೆಸಿದ ಸಂಚಾರಿ ಗ್ರಂಥಾಲಯವನ್ನು ನೆನೆಯಬಹುದು. ಪುಸ್ತಕದ ಪೆಟ್ಟಿಗೆಗಳು ಹಳ್ಳಿಯಿಂದ ಹಳ್ಳಿಗೆ ಹೋಗುತ್ತಿದ್ದವು. ನಾಲ್ಕು ಹಳ್ಳಿಗಳ ವಾಚನಾಲಯಗಳು ಒಂದೊಂದು ಪೆಟ್ಟಿಗೆ ಕನ್ನಡ ಪುಸ್ತಕ ಕೊಂಡು ಬದಲಾಯಿಸಿಕೊಂಡರೆ, ಪ್ರತಿ ಊರಿಗೂ ನಾಲ್ಕು ಪೆಟ್ಟಿಗೆ ದೊರೆತಂತೆ. ಸ್ಥಳ ಸಾಲದಲ್ಲಿ, 2017ರಲ್ಲಿ ಪುಸ್ತಕಗಳ ಊರೆಂದು ಹೆಸರಾದ ಸಾತಾರಾ ಜಿಲ್ಲೆಯ ಭಿಲಾರವನ್ನು ನೋಡಬೇಕು. ಅಲ್ಲಿ ಮನೆಗಳ ಕೋಣೆಗಳೇ ಓದುವ ಸ್ಥಳಗಳಾದವು. ಮಕ್ಕಳ ಸದಸ್ಯತ್ವಕ್ಕೆ, ಕರ್ನಾಟಕದ ಗ್ರಾಮ ಪಂಚಾಯತಿ ಗ್ರಂಥಾಲಯಗಳಲ್ಲಿ 2020ರಲ್ಲಿ ಆರಂಭವಾದ ‘ಓದುವ ಬೆಳಕು’ ನಿದರ್ಶನ. ಅದರಡಿ ಮಕ್ಕಳಿಗೆ ಉಚಿತ ಸದಸ್ಯತ್ವ ನೀಡಲಾಯಿತು.

ತರಗತಿಯ ಉಪಕ್ರಮ

ಮೊದಲ ತಾಸಿಕೆ: ವಿದ್ಯಾರ್ಥಿಗಳನ್ನು ಐದು ಗುಂಪುಗಳಾಗಿ ಮಾಡಿ, ಮೂರು ಪ್ರಶ್ನೆಗಳನ್ನು ಕೊಡಬೇಕು: ನೀವು ವಾಚನಾಲಯಕ್ಕೆ ಹೋಗುವಿರಾ? ಹೋಗದಿದ್ದರೆ ಅಡ್ಡಿ ಯಾವುದು? ಯಾವ ಒಂದು ಬದಲಾವಣೆಯಾದರೆ ಹೋಗುವಿರಿ? ವಾಚನಾಲಯಕ್ಕೆ ಬಾರದವರನ್ನೇ ಹೆಚ್ಚಾಗಿ ಕೇಳಬೇಕು. ಬರುವವರ ಸಲಹೆ ಇದ್ದುದನ್ನು ಸುಧಾರಿಸುತ್ತದೆ. ಬಾರದವರ ಸಲಹೆ ಬಾಗಿಲನ್ನು ಅಗಲಿಸುತ್ತದೆ. ಉತ್ತರಿಸಿದವರ ಹೆಸರನ್ನು ಬರೆಯದೆ, ವಯಸ್ಸು ಮತ್ತು ಉದ್ಯೋಗವನ್ನು ಮಾತ್ರ ಬರೆಯಬೇಕು.

ಎರಡನೆಯ ತಾಸಿಕೆ: ಆಡುಮಾತಿನ ಉತ್ತರವನ್ನು ಶಿಷ್ಟ ಬರವಣಿಗೆಗೆ ತರುವ ಅಭ್ಯಾಸ. ಮಾದರಿಗಾಗಿ:

ಆಡುಮಾತು: “ನಾವ್ ಹೊಲದಿಂದ ಬರೂದ್ರಾಗ ಬಾಗಿಲಾ ಹಾಕಿರ್ತೈತ್ರಿ.”
ಸಲಹೆ: ಕೃಷಿ ಕೆಲಸದವರ ಅನುಕೂಲಕ್ಕಾಗಿ, ವಿಶೇಷವಾಗಿ ಜೋಳದ ಸುಗ್ಗಿಯಲ್ಲಿ, ವಾಚನಾಲಯವನ್ನು ಸಂಜೆ ಒಂದು ಗಂಟೆ ಹೆಚ್ಚು ತೆರೆದಿಡಬೇಕು.

ಆಡುಮಾತು: “ಪೇಪರ್ ಓದೋ ಖೋಲ್ಯಾಗ ಬರೇ ಗಂಡಸರ ಕುಂತಿರ್ತಾರ, ಹುಡುಗ್ಯಾರು ಹ್ಯಾಂಗ ಹೋಗ್ಬೇಕ್ರಿ?”
ಸಲಹೆ: ವಿದ್ಯಾರ್ಥಿನಿಯರಿಗೂ ಮಹಿಳೆಯರಿಗೂ ಪ್ರತ್ಯೇಕ ಮೇಜು ಅಥವಾ ನಿಗದಿತ ಸಮಯವನ್ನು ಕಲ್ಪಿಸಬೇಕು.

ಮಾತಿನಲ್ಲಿದ್ದ ಕಾರಣವು ಬರವಣಿಗೆಯಲ್ಲಿ ಕಳೆದುಹೋಗದಂತೆ ನೋಡಿಕೊಳ್ಳಬೇಕು.

ಮೂರನೆಯ ತಾಸಿಕೆ: ಐದು ಸೂತ್ರಗಳ ಅಡಿಯಲ್ಲಿ ವರ್ಗೀಕರಣ. ಅನಂತರ ಪ್ರತಿ ಸಲಹೆಯ ಮುಂದೆ ‘ಖರ್ಚಿಲ್ಲದೆ ಆಗುವುದು’, ‘ಸಮಿತಿಯ ಹಣದಿಂದ ಆಗುವುದು’, ‘ಅನುದಾನ ಬೇಕಾದುದು’ ಎಂದು ಗುರುತಿಸಬೇಕು.

ನಾಲ್ಕನೆಯ ತಾಸಿಕೆ: ಪತ್ರ ರಚನೆ.

ಮಾದರಿ ಪತ್ರ

ಮಾನ್ಯ ಅಧ್ಯಕ್ಷರು,
ಸಾರ್ವಜನಿಕ ವಾಚನಾಲಯ, ............

ವಿಷಯ: ವಾಚನಾಲಯದಲ್ಲಿ ಕನ್ನಡ ವಿಭಾಗ ಮತ್ತು ಬೇಡಿಕೆ ವಹಿಯ ಕುರಿತು ವಿನಂತಿ.

ಮಹೋದಯರೇ,
ನಮ್ಮ ಶಾಲೆಯ ವಿದ್ಯಾರ್ಥಿಗಳು ಗ್ರಾಮಸ್ಥರಲ್ಲಿ ...... ಜನರನ್ನು ಭೆಟ್ಟಿಯಾಗಿ ಅಭಿಪ್ರಾಯ ಸಂಗ್ರಹಿಸಿದ್ದೇವೆ. ಅವರಲ್ಲಿ ...... ಜನರು ಕನ್ನಡ ಪುಸ್ತಕಗಳು ದೊರೆತರೆ ಸದಸ್ಯರಾಗುವುದಾಗಿ ತಿಳಿಸಿದ್ದಾರೆ. ಮೇಜಿನ ಮೇಲೆ ಬೇಡಿಕೆ ವಹಿಯನ್ನು ಇಡಲು, ಮುಂದಿನ ಖರೀದಿಯಲ್ಲಿ ಜೊತೆಗಿನ ಪಟ್ಟಿಯ ಪುಸ್ತಕಗಳನ್ನು ಪರಿಗಣಿಸಲು ವಿನಂತಿಸುತ್ತೇವೆ. ಕನ್ನಡ ಪುಸ್ತಕಗಳ ಪಟ್ಟಿಯನ್ನು ಎರಡೂ ಲಿಪಿಗಳಲ್ಲಿ ಬರೆದುಕೊಡಲು ನಾವು ಸಿದ್ಧರಿದ್ದೇವೆ.
ತಮ್ಮ ವಿಶ್ವಾಸಿಗಳು,
ಇಯತ್ತೆ ...... ರ ವಿದ್ಯಾರ್ಥಿಗಳು

ಪತ್ರದ ಮರಾಠಿ ಪ್ರತಿಯನ್ನೂ ಜೊತೆಗಿಡಬೇಕು. ಕೊನೆಯ ವಾಕ್ಯವನ್ನು ವಿದ್ಯಾರ್ಥಿಗಳ ಗಮನಕ್ಕೆ ತರಬೇಕು: ಕೇಳುವವನು ತನ್ನ ಪಾಲಿನ ಕೆಲಸವನ್ನೂ ಹೇಳಿದಾಗ ವಿನಂತಿಗೆ ತೂಕ ಬರುತ್ತದೆ.

ಸ್ವಾಧ್ಯಾಯ

1. ‘ವಾಚನಾಲಯ ಚೆನ್ನಾಗಿಲ್ಲ’ ಎಂಬ ವಾಕ್ಯವನ್ನು ಓದುಗ, ಅಡ್ಡಿ, ಪರಿಹಾರ ಮೂರೂ ಇರುವ ಸಲಹೆಯಾಗಿ ಬದಲಾಯಿಸಿರಿ.
2. ಬೇಡಿಕೆ ವಹಿ ಮತ್ತು ಎರವಲು ವಹಿಗಳ ಉಪಯೋಗದಲ್ಲಿರುವ ಭೇದವನ್ನು ಬರೆಯಿರಿ.
3. ನಿಮ್ಮ ಅಜ್ಜಿಗೆ ಓದಿ ಹೇಳಬಹುದಾದ ಒಂದು ಕನ್ನಡ ಪುಸ್ತಕವನ್ನು ಸೂಚಿಸಿ ಕಾರಣ ಕೊಡಿರಿ.

ಶಿಕ್ಷಕರಿಗೆ ಸೂಚನೆ

ಮೌಲ್ಯಮಾಪನವನ್ನು ಪತ್ರ ಬರೆದ ದಿನಕ್ಕೆ ಮುಗಿಸಬಾರದು. ಸಮಿತಿಯ ಉತ್ತರ ಬಂದ ಮೇಲೆ, ಯಾವ ಸಲಹೆ ಸ್ವೀಕೃತವಾಯಿತು, ಯಾವುದು ಏಕೆ ಆಗಲಿಲ್ಲವೆಂಬುದನ್ನು ವಿದ್ಯಾರ್ಥಿಗಳು ತಾವು ಕೇಳಿದ ಮನೆಗಳಿಗೆ ಹೋಗಿ ತಿಳಿಸಬೇಕು. ಉತ್ತರ ಬಾರದಿದ್ದರೆ ವಿನಯದಿಂದ ಸ್ಮರಣಪತ್ರ ಬರೆಯುವುದೂ ಪಾಠದ ಭಾಗವೇ. ಒಮ್ಮೆ ಕೇಳಿ ಮತ್ತೆ ಬಾರದವರಿಗೆ ಊರವರು ಎರಡನೆಯ ಸಲ ಮನಸ್ಸು ಬಿಚ್ಚಿ ಹೇಳುವುದಿಲ್ಲ.